ಕಾಳಿನ ತುದಿಯ ಗಂಧ

ಗಂಧದ ಕೊರಡನ್ನು ಕಲ್ಲಿನ ಮೇಲೆ ತೇಯುವಾಗ ಏಳುವ ವಾಸನೆ ಉಳಿದವರಿಗೆ ಯಾವ ದೇವರನ್ನು ನೆನಪಿಗೆ ತರುತ್ತದೋ ಕಾಣೆ. ನನಗೆ ಮಾತ್ರ ಅದು ರೈಫಲ್ಲನ್ನು ನೆನಪಿಗೆ ತರುತ್ತದೆ. ಅದರ ಜೊತೆಗೆ ಒಂದಿಷ್ಟು ಸೀಮೆಎಣ್ಣೆಯ ಘಾಟೂ ಸೇರಿಕೊಂಡರೆ ಮುಗಿದೇ ಹೋಯಿತು. ಹನೂರಿನಾಚೆ ಕಾಡಿನ ಅಂಚಿಗಿದ್ದ ದೊಡ್ಡಪ್ಪನ ಮನೆ, ಅದರ ನಡುಮನೆಯ ತಣ್ಣನೆಯ ನೆಲ, ಗೋಡೆಯ ಗೂಟ, ಗೂಟದ ಕೆಳಗೆ ಚಾಪೆ ಹಾಸಿಕೊಂಡು ನಳಿಗೆಯೊಳಗೆ ಸೀಮೆಎಣ್ಣೆ ಅದ್ದಿದ ಬಟ್ಟೆಚೂರು ತೂರಿಸುತ್ತಾ ಕೂತ ದೊಡ್ಡಪ್ಪ, ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ ಎಂಬುದು ನಿಮಗೂ ಗೊತ್ತು.

ನಮ್ಮವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಆ ಮನೆಯಲ್ಲಿ. ದೊಡ್ಡಪ್ಪ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ಆದ್ದರಿಂದ ಇದ್ದಬದ್ದ ಮುದ್ದೆಲ್ಲ ನನ್ನ ಪಾಲಿಗೇ ಬಂತು. ದೊಡ್ಡಪ್ಪ ಮಿಲಿಟರಿಯಲ್ಲಿದ್ದು ಬಂದವನು. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ ರೈಫಲ್ಲು ಇಟ್ಟುಕೊಂಡಿದ್ದ. ಆದರೆ ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ. ಊರಿನವರಿಗೆ ಇದು ದೊಡ್ಡ ತಮಾಷೆ. ಹಂದಿ ಹೊಡೆಯದ ರೈಫಲ್ಲು ಯಾತಕ್ಕೆ, ಒಲೆ ಊದುವುದಕ್ಕಾ ಎಂದು ಕೇಳುತ್ತಿದ್ದರು. ದೊಡ್ಡಪ್ಪ ಹಂದಿಯನ್ನು ಹೊಡೆಯುತ್ತಿರಲಿಲ್ಲ, ಓಡಿಸುತ್ತಿದ್ದ. ಬರಿಯ ಸದ್ದಿಗೆ ನಮ್ಮ ಕಡೆಯ ಹಂದಿಗಳು ತಲೆ ಎತ್ತಿಯೂ ನೋಡುವವಲ್ಲ. ಬೆಳಕು ಹರಿಯುವ ಹೊತ್ತಿಗೆ ಕಡಲೆಕಾಯಿ ಹೊಲದಲ್ಲಿ ಅವು ಮೂತಿ ಊರಿ ನಿಂತಿದ್ದಾಗ, ಬೆನ್ನಿನ ಮೇಲೆ ಒಂದು ಗೇಣು ಬಿಟ್ಟು ಗುಂಡು ಹಾಯಿಸಿ ಹಿಂದಿನ ಮಣ್ಣಿನ ದಿಬ್ಬ ಸಿಡಿಯುವಂತೆ ಮಾಡಬೇಕು. ಮಣ್ಣು ಮೈಮೇಲೆ ಬಿದ್ದರೆ ಇಡೀ ಹಿಂಡು ಕಾಡು ಸೇರುತ್ತಿತ್ತು. ಆ ಒಂದು ಗೇಣಿನಲ್ಲಿ ದೊಡ್ಡಪ್ಪನ ಧರ್ಮವೂ ಇತ್ತು, ಬೆಳೆಯೂ ಇತ್ತು.

ಗುರಿ ಎಂದರೆ ಎರಡೇ ವಸ್ತು. ಕಣ್ಣಿನ ಹತ್ತಿರ ಕಚ್ಚು ಕಡಿದ ಒಂದು ಪಟ್ಟಿ, ನಳಿಗೆಯ ತುದಿಯಲ್ಲಿ ಸಣ್ಣದೊಂದು ಉಕ್ಕಿನ ಮೊಳೆ. ಆ ಮೊಳೆಯನ್ನು ದೊಡ್ಡಪ್ಪ ಕಾಳು ಎನ್ನುತ್ತಿದ್ದ. ಕಾಳಿನ ತಲೆ ಕಚ್ಚಿನ ಮಟ್ಟಕ್ಕೆ ಬಂದು ಕೂತಾಗ ಬೆರಳಿನ ಕೆಳಗಿನ ಕುದುರೆ ಎಳೆಯಬೇಕು. ಬಿಸಿಲಿಗೆ ಕಾಳು ಮಿನುಗಿದರೆ ಗುರಿ ಕೆಡುತ್ತದೆಂದು ಅದನ್ನು ಹರಳೆಣ್ಣೆ ದೀಪದ ಹೊಗೆಗೆ ಹಿಡಿದು ಮಸಿ ಮಾಡುತ್ತಿದ್ದ. ಆಯುಧಪೂಜೆಯ ದಿನ ಮಾತ್ರ ರೈಫಲ್ಲು ದೊಡ್ಡವ್ವನ ಕೈಗೆ ಹೋಗುತ್ತಿತ್ತು. ನೇಗಿಲು, ಕುಡುಗೋಲು, ಈಳಿಗೆಮಣೆಗಳ ಸಾಲಿನಲ್ಲಿ ಅದನ್ನೂ ಮಲಗಿಸಿ, ಗಂಧಕ್ಕೆ ಅರಿಸಿನ ಕಲೆಸಿ, ನೇರವಾಗಿ ಆ ಕಾಳಿನ ಮೇಲೆ ಬೊಟ್ಟು ಇಡುತ್ತಿದ್ದಳು. ಹಿಡಿಗೆ ಇಡಬಾರದೇ ಎಂದರೆ, “ಮೊಕ ಬುಟ್ಟು ಬೆನ್ನಿಗೆ ಯಾರಾದ್ರೂ ಬೊಟ್ಟು ಮಡಗ್ತಾರಾ?” ಎನ್ನುತ್ತಿದ್ದಳು. ಮಾರನೆಯ ದಿನ ದೊಡ್ಡಪ್ಪ ಸದ್ದಿಲ್ಲದೆ ಒರೆಸಿಬಿಡುತ್ತಿದ್ದ.

ಒಂದು ವರ್ಷ ಒರೆಸಲಿಲ್ಲ. ಪೂಜೆಯ ಸಂಜೆಗೇ ಚಳಿಜ್ವರ ಬಂದು ಎಂಟು ದಿನ ಕಂಬಳಿಯೊಳಗೆ ನಡುಗುತ್ತಾ ಮಲಗಿದ. ಎದ್ದ ಮೇಲೆ ಮೊದಲ ಮುಂಜಾನೆ, ಇನ್ನೂ ಕಾಲು ತಡವರಿಸುತ್ತಿರುವಾಗಲೇ, ಮಬ್ಬಿನಲ್ಲಿ ಕಾಳಿಗೆ ಹೊಗೆ ಹಿಡಿದು ಹೊಲಕ್ಕೆ ಹೋದ. ನಾನೂ ಹಿಂದೆ ಹೋಗಿದ್ದೆ. ಎಂದಿನಂತೆ ಬೆನ್ನಿನ ಮೇಲೆ ಗೇಣು ಬಿಟ್ಟು ಹೊಡೆದ. ಮಣ್ಣು ಸಿಡಿಯಲಿಲ್ಲ. ಒಂದು ಹೆಣ್ಣುಹಂದಿ ಇದ್ದಲ್ಲೇ ಮಗುಚಿಕೊಂಡಿತು. ಅದರ ಮರಿಗಳು ಸ್ವಲ್ಪ ದೂರ ಓಡಿ ಮತ್ತೆ ವಾಪಸು ಬಂದವು. ದೊಡ್ಡಪ್ಪ ಅಲ್ಲೇ ಬದುವಿನ ಮೇಲೆ ಕೂತ. ಅಂಥ ಮುಖವನ್ನು ನಾನು ಅವ್ವ ಹೋದ ದಿನ ಬಿಟ್ಟರೆ ಇನ್ನೊಮ್ಮೆ ಕಂಡಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಮಾದಪ್ಪನ ಪಟದ ಮುಂದೆ ನಿಂತು ಹೇಳಿದ: “ನನ್ ಕಣ್ಣು ಮಂಜಾಗಿದ್ರೆ ಇನ್ ಮ್ಯಾಕೆ ಇದ ಮುಟ್ಟಕಿಲ್ಲ ಕನಪ್ಪ.” ಅಂದು ಅವನು ಉಣ್ಣಲಿಲ್ಲ. ದೊಡ್ಡವ್ವನೂ ಉಣ್ಣಲಿಲ್ಲ.

ಮಾರನೆಯ ದಿನ ದಿಬ್ಬಕ್ಕೆ ಒಂದು ಹಳೆಯ ಮೊರ ಒರಗಿಸಿ, ಅದರ ನಡುವೆ ಇದ್ದಲಿನಲ್ಲಿ ವೃತ್ತ ಬರೆಸಿದ. ನೂರು ಹೆಜ್ಜೆ ಎಣಿಸಿ, ರಾಗಿ ಮೂಟೆಯ ಮೇಲೆ ರೈಫಲ್ಲು ಊರಿ, ಉಸಿರು ಬಿಗಿಹಿಡಿದು ಮೂರು ಗುಂಡು ಹಾರಿಸಿದ. ಓಡಿಹೋಗಿ ನೋಡಿದೆ. ಮೂರೂ ವೃತ್ತದಿಂದ ಒಂದು ಗೇಣು ಕೆಳಗೆ, ಒಂದು ನಿಂಬೆಹಣ್ಣಿನಲ್ಲಿ ಮುಚ್ಚಬಹುದಾದಷ್ಟು ಹತ್ತಿರದಲ್ಲಿ ಬಿದ್ದಿದ್ದವು. “ನೋಡು ಕೂಸು,” ಎಂದ ದೊಡ್ಡಪ್ಪ, “ಮೂರೂ ಒಂದೇ ತಾವು ಬಿದ್ರೆ ತಪ್ಪು ಕಬ್ಬಿಣದ್ದು. ಮೂರು ಮೂರು ತಾವು ಬಿದ್ರೆ ಮನ್ಸಂದು.” ಹಾಗೆಂದು ಕಬ್ಬಿಣವನ್ನೆಲ್ಲ ತಡಕಿದ. ತಿರುಪುಗಳು ಬಿಗಿಯಾಗಿದ್ದವು. ಏರಿಸಿ ಇಳಿಸುವ ಹಿಂದಿನ ಪಟ್ಟಿ ಎಂದಿನ ಗೆರೆಯಲ್ಲೇ ಇತ್ತು. ನಳಿಗೆ ನೇರವಾಗಿತ್ತು. ಪಟ್ಟಿಯನ್ನು ಒಂದು ಗೆರೆ ಮೇಲಕ್ಕೆತ್ತಿದರೆ ಗುಂಡೂ ಮೇಲೇರುತ್ತದಲ್ಲ ಎಂದೆ, ಅವನೇ ಕಲಿಸಿದ್ದ ಜಾಣತನ. “ಏನ್ ತಪ್ಪು ಅಂತ ತಿಳೀದೆ ಎತ್ತಿದ್ರೆ, ನಾಳೆ ಅದು ತಾನಾಗೇ ಸರಿಯಾದಾಗ ನೆತ್ತಿ ಮ್ಯಾಲೆ ಓಯ್ತದೆ,” ಎಂದ. ಆಮೇಲೆ ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣುಜ್ಜಿಕೊಂಡ. ಕಬ್ಬಿಣದಲ್ಲಿ ತಪ್ಪಿಲ್ಲವೆಂದರೆ ಉಳಿದದ್ದು ಏನೆಂದು ನನಗೂ ಹೊಳೆಯಿತು.

ಅಷ್ಟರಲ್ಲಿ ದೊಡ್ಡವ್ವ ಅಂಬಲಿಯ ಚೊಂಬು ಹಿಡಿದು ಬಂದಳು. ಅವಳು ಯಾವತ್ತೂ ರೈಫಲ್ಲಿನ ಮುಖವನ್ನೇ ಮೊದಲು ನೋಡುವವಳು. ಬಗ್ಗಿ ನೋಡಿದವಳೇ, “ಅಯ್ಯೋ, ನಾ ಮಡಗಿದ್ ಬೊಟ್ಟು ಇನ್ನೂ ಅಂಗೇ ಅದೆಯಲ್ರಿ, ಕರ್ರಗಾಗಿ,” ಎಂದು ಉಗುರಿನಿಂದ ಕೆರೆದಳು. ಕಾಳಿನ ತಲೆಯಿಂದ ಒಂದು ಚಕ್ಕೆ ಎದ್ದುಬಂತು. ಮೇಲೆ ಮಸಿ, ಒಳಗೆ ಹಳದಿ, ಅಕ್ಕಿನುಚ್ಚಿನಷ್ಟು ದಪ್ಪ. ಗಟ್ಟಿಯಾಗಿ ಒಣಗಿದ್ದ ಗಂಧಕ್ಕೆ ಹೊಗೆ ಹಿಡಿದು ದೊಡ್ಡಪ್ಪ ತಾನೇ ಅದನ್ನು ಉಕ್ಕಿನ ಬಣ್ಣ ಮಾಡಿದ್ದ. ಕಾಳು ಅಷ್ಟು ಎತ್ತರವಾದದ್ದರಿಂದ ನಳಿಗೆಯ ಮೂತಿ ಅಷ್ಟು ತಗ್ಗಿತ್ತು. ಅಕ್ಕಿನುಚ್ಚು ನೂರು ಹೆಜ್ಜೆಯಾಚೆ ಗೇಣಾಗಿತ್ತು. ನಾಲ್ಕನೆಯ ಗುಂಡು ವೃತ್ತದ ನಡುವೆ ಹೋಯಿತು. “ಅಂಗಾರೆ ನನ್ ಕಣ್ಣು ಸರಿ ಅದೆ,” ಎಂದು ದೊಡ್ಡಪ್ಪ ಮೆಲ್ಲಗೆ ಹೇಳಿ, ಅಂಬಲಿಯನ್ನು ಒಂದೇ ಉಸಿರಿಗೆ ಕುಡಿದ. ದೊಡ್ಡವ್ವ ಹಂದಿಮರಿಗಳನ್ನು ನೆನೆದು ಅತ್ತಳು. ಮುಂದಿನ ವರ್ಷದಿಂದ ಬೊಟ್ಟನ್ನು ಮರದ ಹಿಡಿಗೆ ಇಡತೊಡಗಿದಳು. ಪೂಜೆಯ ಮಾರನೆ ದಿನ ಮೊರಕ್ಕೆ ಮೂರು ಗುಂಡು ಹಾರಿಸಿ ನೋಡುವುದು ಮನೆಯ ಪದ್ಧತಿಯಾಯಿತು.

ಹತ್ತಾರು ವರ್ಷಗಳ ಮೇಲೆ, ನಾನು ಮದುವೆಯಾಗಿ ಕೊಳ್ಳೇಗಾಲದಲ್ಲಿದ್ದಾಗ, ಪೂಜೆಗೆಂದು ಬಂದು ಅಂಥದೇ ಒಂದು ಮಾರನೆ ದಿನ ಆ ಮನೆಯಲ್ಲಿದ್ದೆ. ದೊಡ್ಡಪ್ಪ ಮೂಟೆಯ ಹಿಂದೆ ಬಹಳ ಹೊತ್ತು ಮಲಗಿದ್ದು ಮೂರು ಗುಂಡು ಹಾರಿಸಿದ. ನಾನು ಹೋಗಿ ಮೊರ ತಂದೆ. ಒಂದು ಅಂಚಿನಲ್ಲಿ, ಒಂದು ಕೆಳಗೆ. ಇನ್ನೊಂದು ಮೊರಕ್ಕೇ ತಾಗಿರಲಿಲ್ಲ. ಮೂರು ಮೂರು ತಾವು ಬಿದ್ದಿದ್ದವು. ಆಗ ದೊಡ್ಡವ್ವ, “ಮರ್ತು ತುದಿಗೇ ಗಂಧ ಮಡಗ್ಬುಟ್ಟೆ ಕಣ್ರಿ, ನಂದೇ ತಪ್ಪು,” ಎಂದಳು. ಹಿಂದಿನ ದಿನ ಅವಳು ಹಿಡಿಗೆ ಬೊಟ್ಟಿಡುವಾಗ ಗಂಧದ ಬಟ್ಟಲು ಹಿಡಿದು ನಿಂತಿದ್ದವಳು ನಾನೇ. ದೊಡ್ಡಪ್ಪ ಹೆಬ್ಬೆರಳಿನಿಂದ ಕಾಳನ್ನು ಉಜ್ಜಿದ, ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅದರಲ್ಲಿ ಏನೂ ಇರಲಿಲ್ಲ. “ಊಂ, ಇತ್ತು ಕಣೆ,” ಎಂದ. ನಾಲ್ಕನೆಯ ಗುಂಡು ಹಾರಿಸಲಿಲ್ಲ.

ಅದೇ ವಾರ ರೈಫಲ್ಲನ್ನು ದೊಡ್ಡವ್ವನ ಹಳೆಯ ಸೀರೆಯಲ್ಲಿ ಸುತ್ತಿ, ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಲು ಕೊಳ್ಳೇಗಾಲದ ಬಸ್ಸಿಗೆ ಹೊರಟ. ಬಾಗಿಲ ಹತ್ತಿರ ನಿಂತು, ಸೀರೆ ಸರಿಸಿ, ನಳಿಗೆಯ ತುದಿಯನ್ನು ದೊಡ್ಡವ್ವನ ಕಡೆಗೆ ಚಾಚಿದ. “ತಕಾ, ಈಗ ಮೊಕಕ್ಕೇ ಮಡಗು,” ಎಂದ. ಅವಳು ಕೊರಡು ಹುಡುಕಿ, ನೀರು ಚಿಮುಕಿಸಿ, ಅವಸರವಿಲ್ಲದೆ ತೇಯ್ದಳು. ಬಸ್ಸಿನ ಹೊತ್ತು ಮೀರುತ್ತಿದ್ದರೂ ದೊಡ್ಡಪ್ಪ ನಳಿಗೆ ಚಾಚಿಕೊಂಡೇ ನಿಂತಿದ್ದ.

ಈಗ ಅವರಿಬ್ಬರೂ ಇಲ್ಲ. ಮನೆ ಇದ್ದಲ್ಲಿ ಯಾರದೋ ಜೋಳ ಬೆಳೆದಿದೆ. ಕೊರಡು ನನ್ನ ಹತ್ತಿರ ಇದೆ, ತೇಯ್ದು ತೇಯ್ದು ಹೆಬ್ಬೆರಳಿನಷ್ಟಾಗಿದೆ.