ಗೋಡೆಗೆ ತೂಗುಹಾಕಿದ ಸೊಂಟಗಳು

ಟೈಲರಮ್ಮನಿಗೆ ಚಿಂತೆ ಮಾಡಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕತ್ತರಿ ಕೈಜಾರಿ ಬಿದ್ದರೆ ಒಂದು ಚಿಂತೆ. ಬೀಳದಿದ್ದರೆ, ಇನ್ನೇನು ಬೀಳುವುದಕ್ಕೆ ಕಾದಿದೆಯೋ ಎಂದು ಮತ್ತೊಂದು. ಆದರೆ ಒಂದು ವರ್ಷದಿಂದ ಆ ಚಿಲ್ಲರೆ ಚಿಂತೆಗಳೆಲ್ಲ ಸೇರಿ ಒಂದೇ ಗಂಟಾಗಿದ್ದವು. ಆ ಗಂಟು ಅವಳ ಅಣ್ಣ.

ಅಣ್ಣನ ಗಡಿಯಾರ ರಿಪೇರಿ ಅಂಗಡಿ ಇವಳ ಹೊಲಿಗೆ ಅಂಗಡಿಯ ಎದುರಿಗೇ ಇತ್ತು. ಅತ್ತಿಗೆ ತೀರಿಕೊಂಡ ಮೇಲೆ ಅವನು ಒಬ್ಬನೇ ಆಗಿದ್ದ. ಊಟ ಆಯಿತಾ ಎಂದು ಕೇಳಿದರೆ ಆಯಿತು ಅನ್ನುತ್ತಿದ್ದ. ಬೆಳಗ್ಗೆ ಹತ್ತಕ್ಕೆ ಕೇಳಿದರೂ ಅದೇ ಉತ್ತರ. ಇವಳು ಮಧ್ಯಾಹ್ನ ಕಳಿಸುವ ಊಟದ ಕ್ಯಾರಿಯರ್ ಸಂಜೆ ಫಳಫಳ ತೊಳೆದು ವಾಪಸು ಬರುತ್ತಿತ್ತು. ಅದೂ ಇವಳಿಗೆ ಸಮಾಧಾನ ಕೊಡಲಿಲ್ಲ. ಹೆಂಡತಿ ಇದ್ದಾಗ ಒಂದು ಲೋಟ ತೊಳೆದವನಲ್ಲ, ಈಗ ಮೂರು ಡಬ್ಬಿ ತೊಳೆಯುತ್ತಾನೆಂದರೆ ಏನೋ ಇದೆ. ತೂಕ ನೋಡಿಸು ಎಂದರೆ, "ನಾನೇನು ಆಲೂಗಡ್ಡೆ ಮೂಟೆನಾ, ಪುಟ್ಟಿ?" ಎಂದು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತಲೆ ಬಗ್ಗಿಸಿಬಿಡುತ್ತಿದ್ದ. ಅವನ ಬಾಗಿಲಲ್ಲಿ ಮಲಗಿರುತ್ತಿದ್ದ ಕರಿ ನಾಯಿ ಒಂದು ಕಣ್ಣು ತೆರೆದು ಇವಳನ್ನು ನೋಡಿ ಮತ್ತೆ ಮುಚ್ಚುತ್ತಿತ್ತು.

ಅಣ್ಣನ ಗುಟ್ಟು ತಿಳಿಯಲು ಅವಳಿಗೆ ಒಂದೇ ದಾರಿ ಇತ್ತು. ವರ್ಷಕ್ಕೊಮ್ಮೆ ಅವನು ಇವಳ ಹತ್ತಿರ ಎರಡು ಪ್ಯಾಂಟು ಹೊಲಿಸುತ್ತಿದ್ದ.

ಈ ಅಂಗಡಿಯಲ್ಲಿ ಸೊಂಟದ ಅಳತೆಯನ್ನು ಬರೆದಿಡುವ ರೂಢಿಯೇ ಇರಲಿಲ್ಲ. ಅಂಗಡಿ ಹಾಕಿದ ಅತ್ತೆಗೆ ಓದು ಬರಹ ಬಾರದು. ಆಕೆ ಕೋರಾ ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ಗಿರಾಕಿಯ ಸೊಂಟಕ್ಕೆ ಸುತ್ತಿ, ಸರಿಯಾಗಿ ಕೂಡುವಲ್ಲಿ ಕತ್ತರಿಸಿ, ತುದಿಗೆ ಆ ವರ್ಷದ ಬಣ್ಣದ ದಾರ ಕಟ್ಟಿ, ಗಿರಾಕಿಗೊಂದು ಗುರುತು ಹೊಲಿದು ಇಡುತ್ತಿದ್ದಳು. ಟೇಪು ಸಂಖ್ಯೆ ಹೇಳುತ್ತದೆ, ಪಟ್ಟಿ ಸೊಂಟವನ್ನೇ ಕೈಗೆ ಕೊಡುತ್ತದೆ ಎಂಬುದು ಆಕೆಯ ವಾದ. ಸೊಸೆ ಟೈಲರಮ್ಮ ಪೇಟೆಯ ಶಾಲೆಯಲ್ಲಿ ಓದಿ ಬಂದವಳಾದರೂ ಪದ್ಧತಿ ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೋ ಎಂಬ ಭಯ. ಹೊಲಿದಾದ ಮೇಲೆ ಪಟ್ಟಿಗಳು ತಗಡಿನ ಪೆಟ್ಟಿಗೆ ಸೇರುತ್ತಿದ್ದವು. ಹಳೆಯದರ ಪಕ್ಕದಲ್ಲಿ ಹೊಸದನ್ನು ಹಿಡಿದು ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಅದನ್ನು ಹೊಳೆಸಿದವಳು ಮಗಳು. ಕಾಲೇಜಿನಲ್ಲಿ ಅವಳಿಗೆ ಜನರ ದಿನನಿತ್ಯದ ಬದುಕಿನ ಯಾವುದಾದರೂ ಸಂಗತಿಯನ್ನು ಚಿತ್ರವಾಗಿ ತೋರಿಸಿ ಎಂದು ಕೆಲಸ ಕೊಟ್ಟಿದ್ದರು. ಅವಳ ಗೆಳತಿಯರು ಬಸ್ಸುಗಳನ್ನೋ ಮೊಬೈಲು ನೋಡುವ ಗಂಟೆಗಳನ್ನೋ ಎಣಿಸಿ ಕಾಗದದ ಮೇಲೆ ಕಂಬ ಎಳೆಯುತ್ತಿದ್ದರೆ, ಇವಳು ತಗಡಿನ ಪೆಟ್ಟಿಗೆ ತೆರೆದು ಕೂತಳು.

"ಅಮ್ಮ, ಪೆಟ್ಟಿಗೆ ಒಳಗಿದ್ರೆ ಇವು ಬರೀ ಚಿಂದಿ. ಗೋಡೆಗೆ ತೂಗುಹಾಕಿದ್ರೆ ಇಡೀ ಬೀದಿಯ ಗ್ರಾಫು."

ಪಟ್ಟಿಗಳು ಧೂಳು ಹಿಡಿದು ಜಿರಳೆ ವಾಸನೆ ಹೊಡೆಯುತ್ತಿದ್ದವು. ಮಗಳು ಹಿಂದಿನ ಮೂರು ವರ್ಷದವನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಕುಕ್ಕಿ, ಒಣಗಿಸಿ, ಇಸ್ತ್ರಿ ಮಾಡಿದಳು. ಈ ವರ್ಷದವು ಹೊಲಿಗೆ ಮೇಜಿನ ಮೇಲೆಯೇ ಇದ್ದವು, ಹೊಸವು, ಅವಕ್ಕೆ ನೀರು ಮುಟ್ಟಲಿಲ್ಲ. ಭಾನುವಾರ ತಾಯಿ ಮಗಳು ಸೇರಿ ಒಬ್ಬೊಬ್ಬ ಗಿರಾಕಿಗೂ ನಾಲ್ಕು ಪಟ್ಟಿಯಂತೆ ಮೊಳೆ ಹೊಡೆದು ತೂಗುಹಾಕಿದರು.

ಟೈಲರಮ್ಮ ಮೊದಲು ನೋಡಿದ್ದು ಅಣ್ಣನ ಸಾಲನ್ನು. ನಾಲ್ಕೂ ಪಟ್ಟಿ ಸ್ಕೇಲು ಹಿಡಿದು ಕತ್ತರಿಸಿದಂತೆ ಒಂದೇ ಉದ್ದ. ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅತ್ತಿಗೆ ಇದ್ದಾಗ ಹೇಗಿದ್ದನೋ ಈಗಲೂ ಹಾಗೆಯೇ ಇದ್ದಾನೆ. ಆ ಸಂಜೆ ಅವಳು ಒಂದು ವರ್ಷದಲ್ಲಿ ಮೊದಲ ಬಾರಿಗೆ ರೇಡಿಯೋ ಹಾಕಿದಳು.

ಆಮೇಲೆ ಉಳಿದ ಸಾಲುಗಳತ್ತ ಕಣ್ಣು ಹೋಯಿತು. ಅಯ್ಯೋ ದೇವರೇ ಅನ್ನುವಂತಿತ್ತು. ಅಂಚೆಯವನು, ಬೇಕರಿಯವನು, ಮೇಷ್ಟ್ರು, ಕ್ಷೌರದಂಗಡಿಯವನು, ಎಲ್ಲರದೂ ಮೂರು ಪಟ್ಟಿ ಒಂದು ಉದ್ದ, ನಾಲ್ಕನೆಯದು ಎರಡು ಮೂರು ಬೆರಳು ಕೆಳಕ್ಕೆ. ಒಂದೇ ವರ್ಷದಲ್ಲಿ ಇಡೀ ಬೀದಿ ಉಬ್ಬಿಹೋಗಿತ್ತು.

ಸುದ್ದಿ ಮುಚ್ಚಿಡುವುದು ಟೈಲರಮ್ಮನಿಂದ ಆಗುವ ಕೆಲಸವಲ್ಲ. ಮೂರು ದಿನದಲ್ಲಿ ಬೀದಿಯ ಜನ ಸರತಿಯಲ್ಲಿ ಬಂದು ತಮ್ಮ ತಮ್ಮ ಸೊಂಟದ ಮುಂದೆ ನಿಂತು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಅಂಚೆಯವನು ಸೈಕಲ್ಲು ಬಿಟ್ಟು ನಡೆಯತೊಡಗಿದ, ಕಾಗದಗಳು ಮಧ್ಯಾಹ್ನದ ಬದಲು ಸಂಜೆಗೆ ಬಂದವು. ಮೇಷ್ಟ್ರ ಹೆಂಡತಿ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ ಏಣಿಯನ್ನು ತವರಿಗೆ ಕಳಿಸಿದಳಂತೆ. ಎಲ್ಲರೂ ಗಡಿಯಾರದಣ್ಣನನ್ನು ತೋರಿಸಿ, ಇದ್ದರೆ ಹಾಗಿರಬೇಕು, ಶಿಸ್ತು ಅಂದರೆ ಅದು ಅನ್ನುವವರೇ. ಅಣ್ಣ ಹೊಗಳಿಕೆ ಕೇಳಿಯೂ ತುಟಿ ಬಿಚ್ಚಲಿಲ್ಲ. ನಗುವುದಕ್ಕೂ ಬಿಚ್ಚಲಿಲ್ಲ ಎಂಬುದು ಟೈಲರಮ್ಮನಿಗೆ ಆಮೇಲೆ ನೆನಪಾಯಿತು.

ಪೆಟ್ಟು ಬಿದ್ದದ್ದು ಬೇಕರಿಯವನಿಗೆ. ಬನ್ನು ಕೊಳ್ಳುವವರಿಲ್ಲ, ಬಿಸ್ಕತ್ತು ಮೂಸುವವರಿಲ್ಲ. ಹತ್ತನೆಯ ದಿನ ಅವನು ಹಳೆಯ ಪ್ಯಾಂಟೊಂದನ್ನು ಹಾಕಿಕೊಂಡು ಅಂಗಡಿಗೆ ನುಗ್ಗಿದ.

"ಟೈಲರಮ್ಮ, ಇದು ನೀವೇ ಎರಡು ವರ್ಷದ ಹಿಂದೆ ಹೊಲಿದಿದ್ದು, ಹೌದಾ?"

ಹೌದು, ಜೇಬಿನ ಹೊಲಿಗೆ ತನ್ನದೇ ಎಂದಳು.

"ಗುಂಡಿ ಹಾಕಿದೀನಿ, ನೋಡಿ. ಉಸಿರೂ ಆಡ್ತಿದೆ. ನಿಮ್ಮ ಗೋಡೆ ಹೇಳೋದು ನಿಜ ಆಗಿದ್ರೆ ಈ ಗುಂಡಿ ಹಾರಿ ನಿಮ್ಮ ಕನ್ನಡಕಕ್ಕೆ ಬಡೀಬೇಕಿತ್ತು."

ಟೈಲರಮ್ಮ ಕತ್ತಿನಲ್ಲಿದ್ದ ಟೇಪು ತೆಗೆದು ಪ್ಯಾಂಟಿನ ಸೊಂಟ ಅಳೆದಳು. ನಲವತ್ತೆರಡು. ಅದೇ ವರ್ಷದ ಪಟ್ಟಿಯನ್ನು ಗೋಡೆಯಿಂದ ಕಿತ್ತು ಅಳೆದಳು. ನಲವತ್ತು. ಪಟ್ಟಿ ನೋಡಿ ಹೊಲಿದ ಪ್ಯಾಂಟು ಪಟ್ಟಿಗಿಂತ ದೊಡ್ಡದಾಗಿರುವುದು ಹೇಗೆ? ಬಟ್ಟೆಯನ್ನು ಬೆರಳುಗಳ ನಡುವೆ ಹೊಸಕಿದಳು. ಮೆತ್ತಗಿತ್ತು. ಗಂಜಿ ಹೋಗಿ, ನೂಲು ಒತ್ತಾಗಿತ್ತು.

ಅವಳು ನಾಲಗೆ ಕಚ್ಚಿಕೊಂಡಳು. ಹೊಸ ಬಟ್ಟೆ ತಂದವರನ್ನೆಲ್ಲ ನೆನೆಹಾಕಿ ತಂದಿರಾ ಎಂದು ಕೇಳದೆ ಕತ್ತರಿ ಮುಟ್ಟದವಳು ಅವಳು. ಕೋರಾ ಬಟ್ಟೆ ಮೊದಲ ನೀರಿಗೇ ಕುಗ್ಗುತ್ತದೆಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಪಾಠ ಹೇಳಿದವಳು. ತನ್ನ ಮನೆಯ ಹಗ್ಗದ ಮೇಲೆಯೇ ನೂರಾರು ಪಟ್ಟಿ ಒಣಗುತ್ತಿದ್ದಾಗ ಪಕ್ಕದಲ್ಲೇ ನಿಂತು, ಬಿಳಿ ಚೆನ್ನಾಗಿ ಬಂತು ಎಂದು ಮೆಚ್ಚಿಕೊಂಡಿದ್ದಳು.

ಬೇಕರಿಯವನು ನಗಲು ಶುರುಮಾಡಿದ. ಒಳಗಿಂದ ಬಂದ ಮಗಳಿಗೆ ವಿಷಯ ತಿಳಿದು ಅವಳೂ ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಯಾರೂ ದಪ್ಪಗಾಗಿಲ್ಲ ಅಮ್ಮ, ಹಿಂದಿನ ವರ್ಷಗಳೇ ಕುಗ್ಗಿವೆ ಎಂದಳು. ಟೈಲರಮ್ಮನೂ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅಣ್ಣನ ಸಾಲಿನ ಮೇಲೆ ಬಿತ್ತು.

ಮೂರು ಪಟ್ಟಿ, ತೊಳೆದವು, ಕುಗ್ಗಿದವು. ನಾಲ್ಕನೆಯದು ನೀರು ಕಾಣದ್ದು. ಆದರೂ ನಾಲ್ಕೂ ಸಮ.

ಬೀದಿಯವರೆಲ್ಲ ಇದ್ದ ಹಾಗೇ ಇದ್ದರೆ, ಗೋಡೆಯ ಮೇಲೆ ಇದ್ದ ಹಾಗೇ ಕಂಡವನು ಒಬ್ಬನೇ ಇಳಿದಿದ್ದ. ಅವಳೋ ಹತ್ತು ದಿನ ನೆಮ್ಮದಿಯಿಂದ ರೇಡಿಯೋ ಕೇಳಿದ್ದಳು.

ಅವಳು ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ, ಕೈಯಲ್ಲಿ ಟೇಪು ಹಿಡಿದು ಬೀದಿ ದಾಟಿದಳು. ಅಣ್ಣ ಯಾವುದೋ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಕ್ಯಾರಿಯರ್ ಇತ್ತು, ಅದರ ಮೇಲಿನ ಡಬ್ಬಿ ನೆಲದ ಮೇಲೆ ಕರಿ ನಾಯಿಯ ಮೂತಿಯ ಕೆಳಗಿತ್ತು. ಬೀದಿಯಲ್ಲಿ ನಿಜಕ್ಕೂ ಉಬ್ಬಿದ್ದ ಪ್ರಾಣಿ ಇದೊಂದೇ ಎಂದು ಅವಳಿಗೆ ಆಗ ಕಂಡಿತು.

"ಏಳು ಅಣ್ಣ. ಅಂಗಿ ಎತ್ತು."

ಎತ್ತಿದ. ಬೆಲ್ಟಿನಲ್ಲಿ ಕಂಪನಿ ಮಾಡಿದ ತೂತುಗಳಾಚೆ ಇನ್ನೆರಡು ತೂತುಗಳಿದ್ದವು. ಎಷ್ಟು ದುಂಡಗೆ, ಎಷ್ಟು ಅಚ್ಚುಕಟ್ಟಾಗಿ ಕೊರೆದಿದ್ದವೆಂದರೆ, ಅದು ಗಡಿಯಾರದವನ ಕೈಯೇ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಅವಳ ಕಣ್ಣು ತುಂಬಿಬಂತು. ಅದನ್ನು ನೋಡಿ ಅಣ್ಣ ಗಾಬರಿಯಾಗಿ ಎಲ್ಲವನ್ನೂ ಹೇಳಿಬಿಟ್ಟ. ದುಃಖ ಗಿಕ್ಕ ಅಲ್ಲ, ದೊಡ್ಡ ರೋಗವೂ ಅಲ್ಲ. ದವಡೆ ಹಲ್ಲು. ಎರಡು ಕಡೆಯೂ. ಆರು ತಿಂಗಳಿಂದ ಹಾಲಲ್ಲಿ ಅದ್ದಿದ ಬ್ರೆಡ್ಡು ಬಿಟ್ಟು ಬೇರೇನೂ ಅಗಿಯಲು ಆಗುತ್ತಿರಲಿಲ್ಲ. ಊಟ ಬೇಡ ಎಂದರೆ ತಂಗಿ ಹೆದರುತ್ತಾಳೆ, ಆದ್ದರಿಂದ ನಾಯಿ.

"ಹಲ್ಲಿನ ಡಾಕ್ಟ್ರ ಹತ್ರ ಹೋಗೋಕೇನಾಗಿತ್ತು ನಿಂಗೆ?"

ಅಣ್ಣ ತನ್ನ ಮೇಜಿನ ಮೇಲಿನ ಚಿಮಟ, ಸೂಜಿ, ಸಣ್ಣ ಕೊರೆಯುವ ಯಂತ್ರ ಎಲ್ಲವನ್ನೂ ಒಂದು ಸುತ್ತು ನೋಡಿದ.

"ಅವರ ಹತ್ರ ಇರೋದೂ ಇವೇ, ಪುಟ್ಟಿ. ಇವು ಏನು ಮಾಡ್ತವೆ ಅಂತ ನಂಗೆ ಗೊತ್ತಲ್ಲ."

ಟೈಲರಮ್ಮ ಅಳುತ್ತಲೇ ನಕ್ಕಳು. ಆ ಮಧ್ಯಾಹ್ನವೇ ಅವನನ್ನು ಎಳೆದುಕೊಂಡು ಹೋದಳು. ಹಿಂದಿನಿಂದ ಬೇಕರಿಯವನು ಬಂದ, ಅಣ್ಣ ತಪ್ಪಿಸಿಕೊಂಡು ಓಡದಿರಲಿ ಎಂದು. ಮೂರು ಹಲ್ಲು ಕೀಳಬೇಕಾಯಿತು. ಅಷ್ಟೂ ಹೊತ್ತು ತಂಗಿ ಹೊರಗಿನ ಬೆಂಚಿನಲ್ಲಿ ಅವನ ಬೆಲ್ಟನ್ನು ಕೈಯಲ್ಲಿ ಸುತ್ತಿಕೊಂಡು ಕೂತಿದ್ದಳು. ಹಳೆಯ ಪ್ಯಾಂಟು ಜಾರದಂತೆ ಅವನಿಗೆ ಎರಡು ಪಿನ್ನು ಚುಚ್ಚಿ ಒಳಗೆ ಕಳಿಸಿದ್ದಳು. ಇಳಿದದ್ದನ್ನು ಮುಚ್ಚಿಟ್ಟಿದ್ದ ಆ ಬೆಲ್ಟನ್ನು ಮತ್ತೆ ಕಟ್ಟಲು ಅವಳು ಬಿಡಲಿಲ್ಲ.

ಮಗಳು ಕಾಲೇಜಿಗೆ ಆ ಗೋಡೆಯನ್ನು ಹಾಗೆಯೇ ಫೋಟೋ ತೆಗೆದು ಒಯ್ದಳು, ತೊಳೆದದ್ದನ್ನೂ ಸೇರಿಸಿ ಬರೆದಳು. ಬೇಕರಿಯ ಮುಂದೆ ಮತ್ತೆ ಜನ ನಿಂತರು. ಮೇಷ್ಟ್ರ ಮನೆಗೆ ಏಣಿ ಮಾತ್ರ ಇನ್ನೂ ವಾಪಸು ಬಂದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಕ್ಯಾರಿಯರ್ ಬಂತು. ತೊಳೆದಿರಲಿಲ್ಲ, ತಳದಲ್ಲಿ ಸಾರು ಅಂಟಿತ್ತು, ಮೇಲಿನ ಮುಚ್ಚಳವೇ ಇರಲಿಲ್ಲ. ಟೈಲರಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು, ಯಾವ ಹೂವಿಗೂ ಕಮ್ಮಿ ಇರಲಿಲ್ಲ. ಮರುದಿನ ಅಣ್ಣನೇ ಈ ವರ್ಷ ಹೊಲಿಸಿದ ಪ್ಯಾಂಟು ಹಿಡಿದು ಬಂದ. ಕೂತರೆ ಬಿಗಿಯುತ್ತದೆ, ಸ್ವಲ್ಪ ಬಿಚ್ಚಿಕೊಡು ಎಂದ. ಅವಳು ಹೊಲಿಗೆಯೊಳಗೆ ಎರಡಿಂಚು ಬಟ್ಟೆ ಯಾವಾಗಲೂ ಬಿಟ್ಟಿರುತ್ತಿದ್ದಳು, ಇಂಥ ದಿನಕ್ಕೆಂದೇ. ನೆನೆಸಿ ಒಣಗಿಸಿಟ್ಟ ಪಟ್ಟಿಯೊಂದನ್ನು ತೆಗೆದು ಅವನ ಸೊಂಟಕ್ಕೆ ಸುತ್ತಿದಳು.

"ಉಸಿರು ಎಳ್ಕೋಬೇಡ ಅಣ್ಣ. ಬಿಡು, ಪೂರ್ತಿ ಬಿಡು."