ಬಲ್ಬು ಉರಿದ ಮೇಲೆ

ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಮಾಡುವುದೆಂದರೆ ಯಾರಿಗೂ ಬೇಡ. ಹಿರಿಯ ಮೇಷ್ಟ್ರುಗಳು ಕೊನೆಯ ವರ್ಷದ ಪೇಪರುಗಳನ್ನು ಹಿಡಿದು ಕೂತಿರುತ್ತಾರೆ, ಕೆಲಸಕ್ಕೆ ಹೊಸದಾಗಿ ಬಂದವರ ತಲೆಗೆ ಬೇಸಿಕ್ ಎಲೆಕ್ಟ್ರಿಕಲ್ ಕಟ್ಟುತ್ತಾರೆ. ವಿಜಯಪುರದಿಂದ ಬಂದು ಯಲಹಂಕದಾಚೆಯ ಈ ಕಾಲೇಜಿಗೆ ಸೇರಿದಾಗ ನನಗೂ ಅದೇ ಬಂತು. ಆಮೇಲೆ ಬೇರೆ ಪೇಪರು ಕೊಟ್ಟರೂ ನಾನು ಇದನ್ನು ಬಿಡಲಿಲ್ಲ. ಅದಕ್ಕೆ ಕಾರಣ ಒಬ್ಬ ಹುಡುಗಿ.

ಬಾಗಲೂರಿನ ಕಡೆಯವಳು, ಸಿವಿಲ್ ಬ್ರಾಂಚು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಂಚಿನ ತುದಿಯಲ್ಲಿ ಕೂತು ಬೋರ್ಡನ್ನೇ ನೋಡುವಳು, ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ನಾನು ಬ್ಯಾಟರಿ, ಬಲ್ಬು ಬರೆದು ಕರೆಂಟು ಹರಿಯುವ ದಿಕ್ಕಿಗೆ ಬಾಣ ಹಾಕುತ್ತಿದ್ದಾಗ ಎದ್ದು ನಿಂತಳು.

“ಮೇಡಂ, ಬಲ್ಬು ಉರಿದ ಮೇಲೆ ಕರೆಂಟು ಎಷ್ಟು ಉಳೀತದೆ?”

ಕ್ಲಾಸು ನಕ್ಕಿತು. ಹಿಂದಿನಿಂದ ಒಬ್ಬ, “ಉಳಿದಿದ್ದು ಡಬ್ಬಿಗೆ ಹಾಕ್ಕೊಂಡ್ ಹೋಗು,” ಅಂದ. ಅವಳ ಮುಖ ಸಣ್ಣದಾಯಿತು, ಕೂರಲು ಹೋದಳು.

“ಕೂಡಬ್ಯಾಡ, ನಿಂದ್ರವಾ,” ಅಂದೆ. ಸಿಟ್ಟು ಬಂದರೆ ನನಗೆ ಊರ ಮಾತೇ ಬರುತ್ತದೆ. “ನಕ್ಕವರು ಈಗ ಹೇಳ್ರಿ. ಬಲ್ಬು ದಾಟಿದ ಮ್ಯಾಲೆ ವೈರಿನ್ಯಾಗ ಕರೆಂಟು ಕಡಿಮಿ ಆಗ್ತದ ಅನ್ನೋರು ಕೈ ಎತ್ರಿ.”

ಮೊದಲು ಒಂದು ಕೈ. ಅಕ್ಕಪಕ್ಕ ನೋಡಿಕೊಂಡು ಇನ್ನಷ್ಟು. ಕೊನೆಗೆ ಮುಕ್ಕಾಲು ಕ್ಲಾಸೇ ಎತ್ತಿತ್ತು. ಡಬ್ಬಿ ಅಂದವನದೂ ಇತ್ತು.

ಲ್ಯಾಬಿನಿಂದ ಬ್ಯಾಟರಿ, ಬಲ್ಬು, ಕರೆಂಟು ಅಳೆಯುವ ಎರಡು ಮೀಟರು ತರಿಸಿದೆ. ಬಲ್ಬಿನ ಆಚೆಗೊಂದು, ಈಚೆಗೊಂದು ಅವಳ ಕೈಯಲ್ಲೇ ಹಾಕಿಸಿದೆ. ಡಬ್ಬಿಯವನು ಬಂದು ಓದಿದ. ಎರಡರಲ್ಲೂ ಒಂದೇ ಅಂಕಿ.

“ಒಂದು ಕೆಟ್ಟಿರ್ಬೇಕು ಮೇಡಂ,” ಅಂದ. ಅದಲುಬದಲು ಮಾಡಿದರೂ ಅಷ್ಟೇ ತೋರಿಸಿತು.

ಆಗ ಆ ಹುಡುಗಿ ಮೆಲ್ಲಗೆ, “ಅಂಗಾದ್ರೆ ಬಲ್ಬು ತಿನ್ನೋದೇನು ಮೇಡಂ?” ಅಂದಳು. ಈ ಸಲ ಯಾರೂ ನಗಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು.

ನಮ್ಮ ವಿಭಾಗದ ಮುಖ್ಯಸ್ಥರು ಬಾಗಿಲ ಬಳಿ ನಿಂತಿದ್ದರು. “ಸಿಲಬಸ್ ಹಿಂದೆ ಬಿತ್ತಲ್ಲಮ್ಮಾ,” ಅಂದರು. ನಾನು ತಲೆಯಾಡಿಸಿದೆ. “ಬೀಳ್ಲಿ ಬಿಡಿ. ನಾಳೆ ಅವಳಿಗೆ ಏನ್ ಹೇಳ್ತೀರೋ, ನಾನೂ ಬಂದು ಕೇಳ್ತೀನಿ,” ಅಂತ ಅವರೇ ಸೇರಿಸಿದರು.

ಹೇಳಿದ ಹಾಗೆ ಮರುದಿನ ಬಂದು ಕೊನೆಯ ಬೆಂಚಿನಲ್ಲಿ ಕೂತರು. ನಾನು ಮನೆಯ ಮೇಲಿನ ಟ್ಯಾಂಕು, ಕೆಳಗೊಂದು ಚಕ್ರ ಬರೆದೆ. ನೀರು ಬಿದ್ದು ಚಕ್ರ ತಿರುಗಿಸುತ್ತದೆ, ಅಲ್ಲಿ ಕಳೆದದ್ದೇನು ಅಂತ ಕೇಳಿದೆ. ಅವಳೇ ಹೇಳಿದಳು: “ನೀರು ಅಷ್ಟೇ ಇರ್ತದೆ. ಕಳದೋಗೋದು ಎತ್ತರ.” ಆ ಎತ್ತರದ ಪಕ್ಕ ವೋಲ್ಟೇಜು ಅನ್ನುವ ಪದವನ್ನು ಆಮೇಲೆ ಬರೆದೆ; ಬಲ್ಬು ದಾಟುವಾಗ ಇಳಿಯುವುದು ಅದೇ. ಅಂದಿನಿಂದ ನಾನು ಪಾಠ ಶುರುಮಾಡುವುದೇ ಹಾಗೆ: ಮೊದಲು ಅವರ ಊಹೆ, ಆಮೇಲೆ ಮೀಟರು, ಸೂತ್ರ ಕಟ್ಟಕಡೆಗೆ.

ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಸಾಧಾರಣ ಅಂಕ. ಕೇಳುವುದನ್ನಂತೂ ನಿಲ್ಲಿಸಲಿಲ್ಲ. ಈಗ ಹೆಬ್ಬಾಳದ ಹತ್ತಿರ ಸೈಟ್ ಎಂಜಿನಿಯರು. “ಈ ಹುಡುಗಿದು ಬರೀ ಪ್ರಶ್ನೆ ಅಂತ ಬೈತಾರೆ ಮೇಡಂ,” ಅಂತ ಮೊನ್ನೆ ಫೋನಿನಲ್ಲಿ ಹೇಳಿದಳು. ಹೇಳುವಾಗ ನಗುತ್ತಿದ್ದಳು.