ಕಿವಿಯಕ್ಕ ತಪ್ಪಿಸಿದ ಒಂದು ಹಗಲು

ಬೀಪ್.

ಒಂದೇ ಸಲ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಂಪ್ಯೂಟರಿನಿಂದ ಬಂದ ಆ ಸದ್ದಿಗೆ ಕಿವಿಯಕ್ಕನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತುಬಿಟ್ಟಿತು.

ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಳು. ಫ್ಯಾನಿನ ಸದ್ದು ಕೇಳಿಯೇ ರೋಗ ಹೇಳುತ್ತಾಳೆಂದು ಬೀದಿಯವರು ಇಟ್ಟ ಹೆಸರು ಕಿವಿಯಕ್ಕ. ಅವಳದೊಂದು ನೇಮವಿತ್ತು. ಹೊಸ ಮೆಮೊರಿ ಹಾಕಿದ ಯಂತ್ರವನ್ನು ಇಡೀ ಹಗಲು ಪರೀಕ್ಷೆಗೆ ಓಡಿಸುವಳು. ಮೆಮೊರಿ ಎಲ್ಲಾದರೂ ಒಂದು ಅಂಕಿಯನ್ನು ತಪ್ಪಾಗಿ ನೆನಪಿಟ್ಟುಕೊಂಡರೆ ಅದು ಬೀಪ್ ಎನ್ನುವುದು.

ಎದುರಿಗೆ ಕುಳಿತ ನಿವೃತ್ತ ಮೇಷ್ಟ್ರು ಕೇಳುತ್ತಲೇ ಇದ್ದರು.

"ಅಲ್ಲಮ್ಮಾ, ದುಪ್ಪಟ್ಟು ಬೆಲೆಯ ಈ ಸ್ಪೀಡ್ ಮೆಮೊರಿ ಹಾಕಿಸಿದ್ರೆ ನನ್ನ ಕಂಪ್ಯೂಟರ್ ಓಡುತ್ತಾ?"

"ನೀವು ಬರೆಯೋದು ಕಾಗದ, ಮೇಷ್ಟ್ರೇ. ಒಂದಕ್ಷರ ಹುಡುಕೋಕೆ ನಿಮಗೇ ಒಂದು ನಿಮಿಷ ಬೇಕು. ಅದು ಓಡಿ ಎಲ್ಲಿಗೆ ಹೋಗ್ಬೇಕು?"

ಮೇಷ್ಟ್ರು ನಕ್ಕರು. ಬೀಪ್. ಅವಳು ನಗಲಿಲ್ಲ.

ಮೇಜಿನ ಮೇಲಿನ ಯಂತ್ರಕ್ಕೆ ಹಾಕಿದ್ದರ ಜೊತೆಯಲ್ಲೇ ತರಿಸಿದ ಅಂಥದೇ ಇನ್ನೊಂದು ಮೆಮೊರಿ ನಾಲ್ಕು ದಿನದ ಹಿಂದೆ ಭಾವನ ರಕ್ತಪರೀಕ್ಷೆಯ ಲ್ಯಾಬಿಗೆ ಹೋಗಿತ್ತು. "ಹೊರಗೆ ಜನ ಕಾಯ್ತಿದ್ದಾರೆ. ಡಬ್ಬಿ ಮೇಲೆ ಬರೆದಿರೋ ಜಾಸ್ತಿ ಸ್ಪೀಡಿಗೇ ಇಟ್ಟುಬಿಡು. ಮೊಟ್ಟೆ ಮೇಲೆ ಕೂತ ಕೋಳಿ ಹಾಗೆ ಕಾವು ಕೊಡ್ಬೇಡ" ಎಂದು ಭಾವ ಅವಸರ ಮಾಡಿದ್ದ. ಆ ಒಂದು ಸಲ ನೇಮ ತಪ್ಪಿತು. ಅರ್ಧ ಗಂಟೆ ಓಡಿಸಿ ಕೊಟ್ಟಿದ್ದಳು. ಬೀಪ್ ಬಂದಿರಲಿಲ್ಲ.

ಇವತ್ತು ಬಂದದ್ದು ಪರೀಕ್ಷೆ ಶುರುವಾದ ಏಳನೆಯ ಗಂಟೆಗೆ.

ಅಕ್ಕ-ಭಾವನ ಮನೆಯಲ್ಲಿದ್ದ ಅಮ್ಮನ ರಕ್ತದ ರಿಪೋರ್ಟು ಮೊನ್ನೆ ಬಂದದ್ದು ಅದೇ ಲ್ಯಾಬಿನಿಂದ. ಅವಳು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಅಮ್ಮನಿಗೆ ಹೊಸದಾಗಿ ಏನಾದ್ರೂ ಕೊಡ್ತಿದ್ದೀರಾ?"

"ಹಳೇ ಮಾತ್ರೇನೇ ಕಣೇ, ರಕ್ತ ತೆಳು ಮಾಡೋದು. ರಿಪೋರ್ಟಲ್ಲಿ ರಕ್ತ ಗಟ್ಟಿ ಅಂತ ಬಂತಲ್ಲ, ಡಾಕ್ಟರು ದುಪ್ಪಟ್ಟು ಮಾಡಿದ್ರು. ಈಗ ಕೊಡ್ಬೇಕು, ನೀರು ತಗೊಂಡು ನಿಂತಿದ್ದೀನಿ."

"ಹೇಗಿದ್ದಾಳೆ?"

"ಚೆನ್ನಾಗೇ ಇದ್ದಾಳೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಬಂತು. ಮೊಣಕೈ ಹತ್ರ ಒಂದು ನೀಲಿ ಕಲೆ. ಎಲ್ಲೋ ತಾಗಿಸ್ಕೊಂಡಿರ್ಬೇಕು."

"ಮಾತ್ರೆ ಕೊಡ್ಬೇಡ. ಆ ರಿಪೋರ್ಟಿನ ಅಂಕಿ ನಂಬೋ ಹಾಗಿಲ್ಲ. ಆಸ್ಪತ್ರೆಗೆ ಹೊರಡಿಸು, ಬಂದೆ. ಭಾವನಿಗೆ ಲ್ಯಾಬಿನ ಕಂಪ್ಯೂಟರ್ ಆಫ್ ಮಾಡೋಕೆ ಹೇಳು. ನಾಲ್ಕು ದಿನದಲ್ಲಿ ಎಷ್ಟು ರಿಪೋರ್ಟು ಹೋಗಿವೆ?"

"ಇನ್ನೂರು ಇರ್ಬೋದು. ಯಾಕೇ? ನಿನ್ನ ಧ್ವನಿ ಯಾಕೆ ಹಾಗಿದೆ?"

ಫೋನಿಟ್ಟು ಅವಳು ಚಪ್ಪಲಿ ಮೆಟ್ಟಿದಳು. ಬೀಪ್. ಈಗ ಸದ್ದುಗಳ ನಡುವಿನ ಅಂತರ ಕಡಿಮೆಯಾಗುತ್ತಿತ್ತು.

"ಎಲ್ಲಿಗಮ್ಮಾ? ನನ್ನದು ತೀರ್ಮಾನ ಮಾಡಿ ಹೋಗು," ಎಂದರು ಮೇಷ್ಟ್ರು. "ಅಷ್ಟು ಬೆಲೆ ಕೊಡೋದಕ್ಕೆ ಅದು ತಕ್ಕದ್ದಾ, ಇಲ್ಲಾ ಬರೀ—"

ಕಿವಿಯಕ್ಕ ಆಗಲೇ ಬೀದಿಯಲ್ಲಿದ್ದಳು.